ಪತ್ರಿಕೆಯವರು ತೆಗೆಸಿದ ಕೊನೆಯ ಪುಟ

ಮೇಷ್ಟ್ರೇ,

ಹೇಗಿದ್ದೀರಿ ಎಂದು ಕೇಳಿ ಶುರುಮಾಡುವುದು ನನ್ನ ಅಭ್ಯಾಸ. ಈಗ ಅದನ್ನು ಕೇಳುವ ಹಾಗಿಲ್ಲ. ಆದರೆ ಈ ಸುದ್ದಿಯನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಇಲ್ಲಿ ಮಧುಗಿರಿಯ ಕಾಲೇಜಿನಲ್ಲಿ ನಾನು ಲೆಕ್ಕಪತ್ರದ ನಿಯಮ ಅಂತ ಬಾಯಿ ತೆರೆದರೆ ಸಾಕು, ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ಟಿಫನ್ ಡಬ್ಬಿ ತೊಳೆಯಲು ಎದ್ದುಹೋಗುತ್ತಾರೆ.

ನಾವಿಬ್ಬರೂ ವಳ್ಳೂರಿಗೆ ಹೋದದ್ದು ನೆನಪಿದೆಯೇ? ನಿವೃತ್ತರಾಗಿ ಸಿರಾದ ಮನೆಯಲ್ಲಿ ತಣ್ಣಗೆ ಕೂರಬೇಕಾದವರು, ಹಳೇ ಶಿಷ್ಯೆಯ ಸಂಶೋಧನೆಗೆಂದು ಆ ಬಿಸಿಲಲ್ಲಿ ಬಂದಿರಿ. ಸೋಲಾರ್ ಕಂಪನಿಗೆ ಜಮೀನು ಗುತ್ತಿಗೆ ಕೊಟ್ಟಿದ್ದ ಓಬಳಮ್ಮ ಮಜ್ಜಿಗೆ ಕೊಟ್ಟು, "ಗುತ್ತಿಗೆ ಮುಗುದ್ ಮ್ಯಾಲೆ ಈ ಪ್ಯಾನೆಲ್ಲೆಲ್ಲಾ ಯಾರು ತೀಸ್ಕೊಂಡು ಹೋಗ್ತಾರೆ ಸಾರೂ? ನೆಲ ಹೆಂಗಿತ್ತೋ ಅಂಗೇ ಸಿಕ್ತದಾ?" ಎಂದು ಕೇಳಿದರು. ನೀವು ನನ್ನ ಮುಖ ನೋಡಿದಿರಿ. ಕಿತ್ತು ಸಾಗಿಸುವ ಖರ್ಚಿಗೆ ಕಂಪನಿಗಳು ಈಗಿನಿಂದಲೇ ಏನು ತೆಗೆದಿಡುತ್ತವೆ ಎಂಬುದನ್ನು ನೆಲದ ಒಡೆಯರಿಗೂ ತಿಳಿಯುವಂತೆ ಲೆಕ್ಕದಲ್ಲಿ ತೋರಿಸಬೇಕಲ್ಲವೇ? ನನ್ನ ವರ್ಷಗಟ್ಟಲೆಯ ಕೆಲಸ ಹುಟ್ಟಿದ್ದು ಅಲ್ಲೇ.

ಲೆಕ್ಕಪತ್ರದ ನಿಯಮ ಬರೆಯುವವರ ಸಭೆಗೆಂದು ನಿಮ್ಮನ್ನೊಮ್ಮೆ ದೆಹಲಿಗೆ ಕರೆಸಿದ್ದರು. ವಾಪಸು ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಫೋನ್ ಮಾಡಿದಿರಿ. "ನಿನ್ ಪೇಪರ್ ಅಲ್ಲಿ ಯಾರೂ ಓದಲ್ಲ ಬೇಟಾ. ಕೊನೇ ಪುಟ ತಿರುಗುಸ್ತಾರೆ, ಅಷ್ಟೇ. ಅಲ್ಲಿ ನೀವೆಲ್ಲಾ ಏನ್ ಬರ್ದಿರ್ತೀರಿ? ಇನ್ನೂ ಸಂಶೋಧನೆ ಆಗ್ಬೇಕು ಅಂತ. ಅವ್ರು ನಾಳೆ ನಿಯಮ ಬರೀಬೇಕು. ಅದನ್ನಿಟ್ಕಂಡು ಏನ್ ಮಾಡಾದು?"

ನನಗೆ ಸಿಟ್ಟು ಬಂತು. ಓದುವುದನ್ನು ಅವರೂ ಸ್ವಲ್ಪ ಕಲಿಯಲಿ ಎಂದೆ. ನೀವು ನಕ್ಕಿರಿ. ಮುಂದಿನ ಭಾನುವಾರ ಸಿರಾಕ್ಕೆ ಕರೆಸಿ, ಯಾರು ಏನು ಮಾಡಬೇಕು ಎಂಬುದನ್ನಷ್ಟೇ ಒಂದು ಪುಟದಲ್ಲಿ ಬರೆಸಿದಿರಿ. ಕೆಳಗೆ ಇಬ್ಬರ ಹೆಸರೂ ಹಾಕಿದೆವು.

ಲೇಖನದ ಕೊನೆಗೆ ಸೇರಿಸಿ ಕಳಿಸಿದ ಆ ಪುಟವನ್ನು ಸಂಶೋಧನಾ ಪತ್ರಿಕೆಯವರು ಉಳಿಸಲಿಲ್ಲ. "ಇದು ಅಭಿಪ್ರಾಯ, ಸಂಶೋಧನೆಯಲ್ಲ, ತೆಗೆಯಿರಿ" ಎಂದು ಬರೆದರು. ಅದರ ಬದಲು ಇನ್ನೆರಡು ಕೋಷ್ಟಕ ಕೇಳಿದರು. ತೆಗೆಯದಿದ್ದರೆ ಅಚ್ಚಿಲ್ಲ, ಅಚ್ಚಾಗದಿದ್ದರೆ ಬಡ್ತಿಯಿಲ್ಲ. ತೆಗೆದೆ. ನೀವೇ ರೇಗಿಸುತ್ತಿದ್ದಿರಿ, ನಮ್ಮ ಲೇಖನಗಳದ್ದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಎಂದು. ನೀವು ಹೋದ ಮೇಲೆ ಅಚ್ಚಾದ ಪ್ರತಿ ಬಂತು; ಆ ದಿನ ಅಭ್ಯಾಸಬಲದಿಂದ ಅದನ್ನು ಬ್ಯಾಗಿಗೆ ಹಾಕಿಕೊಂಡು ಸಿರಾ ಬಸ್ಸು ಹತ್ತಿ ಕೂತುಬಿಟ್ಟೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ... ಇಳಿದು ಮನೆಗೆ ನಡೆದೆ. ಅದನ್ನು ಪೂರ್ತಿ ಓದುತ್ತಿದ್ದವರು ನೀವೊಬ್ಬರೇ ಇದ್ದಿರಿ ಮೇಷ್ಟ್ರೇ. ಈಗ ಯಾರೂ ಇಲ್ಲ.

ಮೊನ್ನೆ ಹೊಸ ನಿಯಮದ ಕರಡು ಹೊರಬಿತ್ತು, ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಎಂದಿತ್ತು. ನಮ್ಮ ಕಾಲೇಜುಗಳ ಮೇಷ್ಟ್ರುಗಳ ಪೈಕಿ ಯಾರೂ ಅದಕ್ಕೆಲ್ಲ ಬರೆಯುವುದಿಲ್ಲ; ಬಡ್ತಿಗೆ ಅದು ಲೆಕ್ಕಕ್ಕಿಲ್ಲವಲ್ಲ. ನಾನು ಲೇಖನ ಕಳಿಸಲಿಲ್ಲ, ಆ ಒಂದು ಪುಟ ಮಾತ್ರ ಕಳಿಸಿದೆ. ನಿಮ್ಮ ಹೆಸರು ಅಳಿಸಲು ಕೈ ಬರಲಿಲ್ಲ.

ಇವತ್ತು ದೆಹಲಿಯಿಂದ ಫೋನ್ ಬಂತು. ಕನ್ನಡದ ಅಧಿಕಾರಿಯೇ. "ಮೇಡಂ, ನಿಮ್ಮ ಲೇಖನ ನಮ್ಮಲ್ಲಿ ಮೊದಲೇ ಇತ್ತು. ಅದರಿಂದ ಏನು ಮಾಡಬೇಕು ಅಂತ ಗೊತ್ತಾಗಿರಲಿಲ್ಲ. ಈ ಪುಟದಿಂದ ಗೊತ್ತಾಯ್ತು. ಸಭೆಗೆ ಬಂದು ಮಾತಾಡ್ತೀರಾ?"

ಹೋಗುತ್ತೇನೆ ಮೇಷ್ಟ್ರೇ. ಓಬಳಮ್ಮ ಕೇಳಿದ್ದನ್ನು ಅವರ ಮಾತಿನಲ್ಲೇ ಮೊದಲು ಕೇಳುತ್ತೇನೆ. ಇನ್ನೂ ಸಂಶೋಧನೆ ಆಗಬೇಕು ಎಂದು ಮಾತ್ರ ಹೇಳುವುದಿಲ್ಲ.

ಫೋನ್ ಇಡುವ ಮುಂಚೆ ಅವರು, "ಇಬ್ಬರಿಗೂ ಟಿಕೆಟ್ ಮಾಡಿಸ್ಲಾ?" ಎಂದರು.

ಒಂದೇ ಸಾಕು ಎಂದೆ.

ನಿಮ್ಮ
ಗಿರಿಜ