ಅಂಚುಗಲ್ಲಿನಿಂದ ಅಂಚುಗಲ್ಲಿನವರೆಗೆ

ಫೆಬ್ರವರಿ 3, ಸೋಮವಾರ

ಮತ್ತೆ ಸೋಮವಾರದ ಮೀಟಿಂಗ್. ಅದೇ ಸೆಕೆ, ಅದೇ ಕಿಲಿಕ್. ನಗರಸಭೆಯ ರಸ್ತೆ ವಿಭಾಗದ ಮುಖ್ಯಸ್ಥ. ಮಾಂಸದ ಪೈ ತಿಂದು ಚೂರುಗಳನ್ನು ನಮ್ಮ ನಕ್ಷೆಯ ಮೇಲೆಯೇ ಕೊಡವಿದ. ಬೇಕೆಂದೇ.

ವರೂಲಾ ಬೀಚಿನ ಟ್ರಾಮ್ ಲೈನಿನಲ್ಲಿ ಯಾರ ಅಧಿಕಾರ ಎಲ್ಲಿಯವರೆಗೆ ಎಂದು ಒಪ್ಪಂದವಾಗಿ ವರ್ಷವಾಯಿತು. ರೈಲು ಪ್ರಾಧಿಕಾರದ ಪರವಾಗಿ ಆ ವಾಕ್ಯ ಬರೆದವಳು ನಾನೇ. 'ಅಂಚುಗಲ್ಲಿನಿಂದ ಅಂಚುಗಲ್ಲಿನವರೆಗೆ ರೈಲು ಪ್ರಾಧಿಕಾರ, ಅದರಾಚೆ ನಗರಸಭೆ.' ಎಷ್ಟು ಚೊಕ್ಕ ಎಂದು ಬೀಗಿದ್ದೆ. ಕಿಲಿಕ್ ಕೂಡ ಮರುಮಾತಿಲ್ಲದೆ ಸಹಿ ಹಾಕಿದ್ದ. ಹಳಿ ಹಾಕಬೇಕಾದರೆ ರಸ್ತೆಗೂ ಫುಟ್‌ಪಾತಿಗೂ ನಡುವಿನ ಆ ಅಂಚುಗಲ್ಲುಗಳನ್ನೇ ಕಿತ್ತೆಸೆಯುತ್ತಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಈಗ ಬೀದಿಯಲ್ಲಿ ಅಂಚುಗಲ್ಲೇ ಇಲ್ಲ. ಹೊಸದು ಏಪ್ರಿಲ್‌ಗೆ. ಈಜುಕೊಳದ ಎದುರಿನ ಸಿಗ್ನಲ್ ಕಂಬ ಸರಿಯಾಗಿ ಆ ಯಾರದೂ ಅಲ್ಲದ ಪಟ್ಟಿಯಲ್ಲಿ ನಿಂತಿದೆ. ವೈರಿಂಗ್ ಮುಗಿದಿದೆ, ತಲೆಗೆ ಕಪ್ಪು ಪ್ಲಾಸ್ಟಿಕ್ ಚೀಲ. ಸ್ವಿಚ್ ಹಾಕಿದವರ ಕೊರಳಿಗೆ ಬೀಳುತ್ತದೆ — ರಿಪೇರಿ, ದೂರು, ಕೋರ್ಟು ಎಲ್ಲ. ಆದ್ದರಿಂದ ಯಾರೂ ಹಾಕುವುದಿಲ್ಲ.

ಫೆಬ್ರವರಿ 5

ಓಲ್ವಿನ್ ಟ್ರಾಂಟರ್ ಎಂಬ ಹೆಂಗಸಿನ ಫೋನು. ಕಣ್ಣು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಈಜಲು ಹೋಗುವವಳು. ಹಳೆಯ ಸಿಗ್ನಲ್ ಟಿಕ್ ಟಿಕ್ ಎನ್ನುತ್ತಿತ್ತಂತೆ — ನಿಧಾನವಾದರೆ ನಿಲ್ಲು, ಜೋರಾದರೆ ದಾಟು. ಅದನ್ನು ಕಿತ್ತ ಮೇಲೆ ಮನೆಯಲ್ಲೇ ಬಿದ್ದಿದ್ದಾಳೆ.

ನಗರಸಭೆಗೆ ಫೋನ್ ಮಾಡಿ ಎಂದೆ.

"ಅವ್ರು ನಿಮ್ಗೆ ಮಾಡಿ ಅಂತಾರೆ. ನಂಗೆ ರಸ್ತೆ ದಾಟ್ಬೇಕಮ್ಮಾ, ನಿಮ್ಮಿಬ್ರಿಗೆ ಮದ್ವೆ ಮಾಡ್ಸೋ ಹುಚ್ಚು ನಂಗಿಲ್ಲ."

ನಗು ಬಂತು. ತಡೆದುಕೊಂಡು, ವಿಚಾರಿಸುತ್ತೇವೆ ಎಂದೆ.

ಫೆಬ್ರವರಿ 10

ಮೀಟಿಂಗಿನಲ್ಲಿ ಓಲ್ವಿನ್ ವಿಷಯ ಎತ್ತಿದೆ. ಪಾಪ, ಅಷ್ಟು ಕನಿಕರವಿದ್ದರೆ ನೀವೇ ಸ್ವಿಚ್ ಹಾಕಿ ಎಂದ ಕಿಲಿಕ್. ನಿಮ್ಮ ಫುಟ್‌ಪಾತ್ ಎಂದೆ. ನೀವು ತೋಡಿದ ಗುಂಡಿ ಎಂದ. ಟೇಬಲ್ ಕೆಳಗೆ ನನ್ನ ಬಾಸ್ ಲೆಸ್ಟರ್ ಕಾಲು ತುಳಿದ. ಮುಂದಿನ ವಿಷಯಕ್ಕೆ ಹೋದೆ.

ಫೆಬ್ರವರಿ 19

ಕಾಫಿಗೆಂದು ಬೀಚ್ ಕಡೆ ಹೋಗಿದ್ದೆ. ಬಿಳಿ ಕೋಲು ಹಿಡಿದ ಹೆಂಗಸೊಬ್ಬಳು ಆ ಕಂಬದ ಪಕ್ಕ ನಿಂತಿದ್ದಾಳೆ, ಹೆಗಲಿಗೆ ಟವೆಲ್. ಓಲ್ವಿನ್ನೇ ಇರಬೇಕು. ಕಾರುಗಳು ಸೊಂಯ್ ಸೊಂಯ್. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ. ಎದುರಿನ ಕೆಫೆಯಲ್ಲಿ ಕಿಲಿಕ್ ಕೂತು ನೋಡುತ್ತಿದ್ದ. ನಾನೂ ನೋಡುತ್ತಿದ್ದೆ... ಕೊನೆಗೆ ಸರ್ಫಿಂಗ್ ಹಲಗೆ ಹೊತ್ತ ಯಾರೋ ಒಬ್ಬ ತೋಳು ಹಿಡಿದು ದಾಟಿಸಿದ. ಕಿಲಿಕ್ ನನ್ನತ್ತ ಕಪ್ ಎತ್ತಿ ತೋರಿಸಿದ. ಮೈ ಉರಿದುಹೋಯಿತು.

ಅಲ್ಲೇ ತೀರ್ಮಾನಿಸಿದೆ. ಸ್ವಿಚ್ ಹಾಕುತ್ತೇನೆ. ಕರುಣೆಯಿಂದ ಎಂದು ಬರೆದರೆ ಸುಳ್ಳು. ಹಾಕಿದರೆ ಇಡೀ ಪಟ್ಟಿ ನಮ್ಮದಾಗುತ್ತದೆ, ಆಮೇಲೆ ಅವನು ಎಲ್ಲಿ ಪೈ ತಿನ್ನುತ್ತಾನೋ ನೋಡೋಣ.

ಫೆಬ್ರವರಿ 21

ಹಾಕಿಸಿದೆ. ಚೀಲ ತೆಗೆದಾಗ ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಟಿಕ್... ಟಿಕ್... ಓಲ್ವಿನ್‌ಗೆ ನಾನೇ ಫೋನ್ ಮಾಡಿ, ಬನ್ನಿ, ಇನ್ನು ಭಯವಿಲ್ಲ ಎಂದೆ. ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು.

ಅರ್ಧ ಗಂಟೆಗೆ ಕಿಲಿಕ್‌ನ ಫೋನು. "ಏನ್ ರೊವೆನಾ, ನಮ್ಮ ಫುಟ್‌ಪಾತ್ ಮೇಲೆ ಕೈ ಹಾಕೋಕೆ ನಿಂಗ್ಯಾರು ಹೇಳಿದ್ದು?"

ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದು ಇವತ್ತು ಅವನದಂತೆ. ಎಷ್ಟು ಖುಷಿಯಾಯಿತೋ ಹೇಳಲಾರೆ.

ಫೆಬ್ರವರಿ 24

ಅವರ ಜನ ಬಂದು ಆರಿಸಿದರು. ಸಿಗ್ನಲ್ ಪೆಟ್ಟಿಗೆಗೆ ಬೀಗ. ಮಧ್ಯಾಹ್ನ ನಮ್ಮವರು ಬೀಗ ಒಡೆದು ಸ್ವಿಚ್ ಹಾಕಿದರು. ಮೇಲೆ ನಮ್ಮ ಬೀಗ. ಸಂಜೆ ಮತ್ತೆ ಅವರು.

ಫೆಬ್ರವರಿ 25

ಮತ್ತೆ ಹಾಕಿದೆವು. ಲೆಸ್ಟರ್ ಬೆನ್ನು ತಟ್ಟಿದ, ಬಿಡಬೇಡ ಎಂದ. ನಾನು ಬಿಡುವವಳೇ?

ಫೆಬ್ರವರಿ 27

ಓಲ್ವಿನ್‌ಗೆ ಪಿಕಪ್ ಬಡಿದಿದೆ.

ಟಿಕ್ ಜೋರಾಯಿತು, ಹೊರಟಳು. ನಡುರಸ್ತೆಗೆ ಬರುವಷ್ಟರಲ್ಲಿ ನಿಂತುಹೋಯಿತು. ಕಿಲಿಕ್ ಕಳಿಸಿದ್ದ ಎಲೆಕ್ಟ್ರಿಷಿಯನ್ ಫ್ಯೂಸ್ ಕಿತ್ತಿದ್ದ. ಪೆಟ್ಟಿಗೆ ಇರುವುದು ತಿರುವಿನಾಚೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ.

ಮಾರ್ಚ್ 2, ಭಾನುವಾರ

ಎರಡೂ ಕಡೆಯವರು ಈಗ ಕೈ ತೊಳೆದುಕೊಂಡಿದ್ದಾರೆ. ನೀವು ಸ್ವಿಚ್ ಹಾಕಿದಿರಿ, ನಿಮ್ಮದು — ಇದು ಕಿಲಿಕ್. ಅವರು ಆರಿಸಿದರು, ಅವರದು — ಇದು ಲೆಸ್ಟರ್. ಆಸ್ಪತ್ರೆ ಕಡೆ ತಲೆ ಹಾಕಬೇಡ ಎಂದ. ಹೋದೆ.

ಸೊಂಟದ ಮೂಳೆ ಮುರಿದಿದೆ. ಇನ್ನು ನಡೆಯುವುದು ಅನುಮಾನವಂತೆ. ದನಿಯಲ್ಲೇ ಗುರುತು ಹಿಡಿದಳು. ಕಿಲಿಕ್‌ನ ಜನ ಮಾಡಿದ್ದು ಎಂದು ಶುರು ಮಾಡಿದೆ. ಕೈ ಅಡ್ಡ ಮಾಡಿದಳು.

"ಶಬ್ದ ನಿಂತೋಯ್ತು. ಮುಂದೆ ಹೋಗ್ಲೋ ಹಿಂದೆ ಹೋಗ್ಲೋ ಗೊತ್ತಾಗ್ಲಿಲ್ಲ, ನಿಂತ್ಕೊಂಡೆ. ಹಾಕ್ದೋರ್ಯಾರು, ಆರ್ಸಿದೋರ್ಯಾರು, ಅದೆಲ್ಲ ನಂಗೆ ಬೇಡ. ಬನ್ನಿ ಅಂತ ಫೋನ್ ಮಾಡಿದ್ದು ನೀನು."

ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದಳು. ಒಯ್ದಿದ್ದ ಹೂಗುಚ್ಛವನ್ನು ಎಲ್ಲಿಡಬೇಕೋ ತಿಳಿಯದೆ ವಾಪಸು ತಂದೆ.

ಮಾರ್ಚ್ 3

ಮಧ್ಯಾಹ್ನ ಪೊಲೀಸರಿಗೆ ಹೇಳಿಕೆ ಕೊಡಬೇಕು. ನಮ್ಮ ವಕೀಲ ಏನು ಹೇಳಬೇಕೆಂದು ಬೆಳಿಗ್ಗೆಯೇ ಪಾಠ ಮಾಡಿದ. ಒಂದೇ ವಾಕ್ಯ, 'ಇರಲಿಲ್ಲ' ಎಂದು ಮುಗಿಯಬೇಕು. ನನ್ನ ಕೈಬರಹದಲ್ಲೇ ಬೇಕಂತೆ. ಒಂದು ಪದ ಆಚೀಚೆ ಆದರೂ ಕೆಲಸ ಹೋದ ಹಾಗೆಯೇ ಎಂದ ಲೆಸ್ಟರ್. ಕಿಲಿಕ್ ಕೂಡ ಈ ಹೊತ್ತಿಗೆ ಇದೇ ವಾಕ್ಯ ಬರೆಯುತ್ತಿರಬೇಕು, ಹಾಳಾಗಿ ಹೋಗಲಿ.

ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಅಪಘಾತದ ಹೊತ್ತಿಗೆ ಆ ಸಿಗ್ನಲ್ ನಮ್ಮ ಪ್ರಾಧಿಕಾರದ ವಶದಲ್ಲಿ