ಪರದೆಯಲ್ಲಿ ಒಂಬತ್ತು, ಒಳಗೆ ಹತ್ತೊಂಬತ್ತು

ಪ್ರೀತಿಯ ಅಪಿಸಾಯ್‌ಗೆ,

ನಿನಗೆ ನನ್ನ ನೆನಪಿರಲಾರದು. ಈ ವರ್ಷ ಶಾಲೆಗೆ ಸೇರಿದೆಯಂತೆ. ದೊಡ್ಡವನಾದ ಮೇಲೆ ಅವನೇ ಓದಿ ತಿಳಿಯಲಿ, ನಡೆದದ್ದನ್ನೆಲ್ಲ ಬರೆದುಕೊಡು ಎಂದು ನಿನ್ನಮ್ಮ ಕೆಲೆರಾ ಕೇಳಿ ಎರಡು ವರ್ಷವಾಯಿತು. ಹೆದರಿಕೆಯಿಂದ ಮುಂದೂಡುತ್ತಲೇ ಬಂದೆ.

ಹನ್ನೊಂದು ದ್ವೀಪಗಳ ಕ್ಲಿನಿಕ್ಕುಗಳಿಗೆ ಔಷಧದ ಪ್ರಮಾಣ ಹೇಳುವ ಪ್ರೋಗ್ರಾಂ ಬರೆದವಳು ನಾನು. ನರ್ಸ್ ಮಗುವಿನ ತೂಕ ತುಂಬಿದರೆ ಎಷ್ಟು ಔಷಧ ಎಂದು ಪರದೆ ಹೇಳುತ್ತಿತ್ತು. ಪರದೆಯ ಚೌಕದಲ್ಲಿ ಕಾಣುವ ಅಂಕಿ ಬೇರೆ, ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವ ಅಂಕಿ ಬೇರೆ. ಇಲ್ಲಿ ತಿದ್ದಿದರೆ ಅಲ್ಲೂ ತಿದ್ದುವಂತೆ ಎರಡರ ನಡುವೆ ಒಂದು ಕೊಂಡಿ ಹಾಕಬೇಕು. ಬೈಂಡಿಂಗ್ ಅನ್ನುತ್ತೇವೆ. ನಾನು ಹಾಕಿದ ಕೊಂಡಿ, ನರ್ಸ್ ಆ ಚೌಕ ಬಿಟ್ಟು ಮುಂದಿನದಕ್ಕೆ ಹೋದಾಗ ಮಾತ್ರ ಒಳಗಿನ ಅಂಕಿಯನ್ನು ಬದಲಿಸುತ್ತಿತ್ತು. ಅವಸರದಲ್ಲಿ ಅಲ್ಲೇ ನಿಂತು ಲೆಕ್ಕದ ಕೀಲಿ ಒತ್ತಿದರೆ ಕಣ್ಣಿಗೆ ಹೊಸ ತೂಕ, ಲೆಕ್ಕಕ್ಕೆ ಹಳೆಯ ತೂಕ. ಅದು ನನಗೆ ಹೊಳೆದೇ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬೇರೊಂದು ದ್ವೀಪದ ನರ್ಸ್ ಒಬ್ಬಳು ರಾಜಧಾನಿ ಸುವಾದಲ್ಲಿರುವ ನಮ್ಮ ಕಚೇರಿಗೆ ಫೋನ್ ಮಾಡಿ, ತೂಕ ತಿದ್ದಿದರೂ ಔಷಧದ ಅಂಕಿ ಅಲುಗುತ್ತಿಲ್ಲ ಎಂದಳು. ಇನ್ನೊಮ್ಮೆ ಒತ್ತಿ ಸಿಸ್ಟರ್, ಎಂದು ನಕ್ಕೆ. ಫೋನ್ ಇಟ್ಟು ನಾನೇ ಮಾಡಿ ನೋಡಿದೆ. ನಗು ಅಲ್ಲೇ ಒಣಗಿತು.

ಕ್ಲಿನಿಕ್ಕುಗಳ ದಾಖಲೆ ನಮಗೂ ಬರುತ್ತಿತ್ತು. ತೆರೆದೆ. ಅಂದೇ ಬೆಳಿಗ್ಗೆ ಒಂಬತ್ತೂವರೆಗೆ, ನಿಮ್ಮ ದ್ವೀಪದಿಂದ, ಜ್ವರ ಏರಿ ಸೆಳೆತ ಬಂದ ಮಗು. ವಯಸ್ಸು ಒಂದೂವರೆ, ತೂಕ ಹತ್ತೊಂಬತ್ತು ಕಿಲೋ. ಹೋದ ತಿಂಗಳು ಅದೇ ಮಗು ಎಂಟೂವರೆ ಕಿಲೋ ಇತ್ತು. ನರ್ಸ್ ಕೈತಪ್ಪಿ ಹತ್ತೊಂಬತ್ತು ಒತ್ತಿ, ಆಮೇಲೆ ಒಂಬತ್ತೆಂದು ತಿದ್ದಿರಬೇಕು; ಒಳಗೆ ಹತ್ತೊಂಬತ್ತೇ ಉಳಿದಿತ್ತು. ಸೆಳೆತ ನಿಲ್ಲಿಸುವ ಆ ಇಂಜೆಕ್ಷನ್ ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ.

ನಮ್ಮ ಕಚೇರಿಯ ಹಿರಿಯರಾದ ಕಿಟಿಯೋನೆಯವರನ್ನು ನಾನು ಮೋಮೋ, ಅಂದರೆ ಮಾವ, ಎಂದೇ ಕರೆಯುತ್ತಿದ್ದೆ. ಅವರ ಹತ್ತಿರ ಓಡಿದೆ.

“ಮೋಮೋ, ಪ್ರೋಗ್ರಾಂನಲ್ಲಿ ತಪ್ಪಿರೋದು ಒಂದೇ ಸಾಲು. ಮೊದಲು ಸರಿಮಾಡಿಬಿಡ್ಲಾ?”

“ಪ್ರೋಗ್ರಾಂ ಎಲ್ಲೂ ಓಡಿಹೋಗಲ್ಲ ಕಣೇ. ಮೊದ್ಲು ಫೋನ್ ಮಾಡು.”

ನಿನಗೆ ನಿಜ ಹೇಳುತ್ತೇನೆ. ಸದ್ದಿಲ್ಲದೆ ಆ ಸಾಲು ತಿದ್ದಿದರೆ ಯಾರಿಗೂ ಗೊತ್ತಾಗುವುದಿಲ್ಲ, ನರ್ಸ್ ತಪ್ಪು ಒತ್ತಿದಳು ಅಂದುಕೊಳ್ಳುತ್ತಾರೆ ಎಂಬ ಯೋಚನೆ ನನ್ನ ತಲೆಯಲ್ಲಿ ಸುಳಿಯಿತು. ಆ ಯೋಚನೆಗೆ ಇವತ್ತಿಗೂ ಹೆದರುತ್ತೇನೆ.

ನಿಮ್ಮ ದ್ವೀಪದ ಕ್ಲಿನಿಕ್ಕಿಗೆ ಏಳು ಸಲ ಫೋನ್ ಮಾಡಿದೆ. ಎಂಟನೆಯ ಸಲ ನಿನ್ನಮ್ಮ ಎತ್ತಿದಳು. “ಸಿಸ್ಟರ್ ಕೈ ಬಿಡೋಹಾಗಿಲ್ಲ. ಉಸಿರಿನ ಚೀಲ ಒತ್ತುತಾ ಇದ್ದಾರೆ. ಜ್ವರ ಮಿದುಳಿಗೆ ಏರಿದೆಯಂತೆ, ಇನ್ನು ಆಗಲ್ಲವೇನೋ ಅಂತಾರೆ. ನೀವ್ಯಾರು?”

ಮೋಮೋ ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಹೇಳಿಬಿಟ್ಟೆ:

“ಅಕ್ಕಾ, ಜ್ವರ ಅಲ್ಲ. ಔಷಧ ಎರಡು ಪಟ್ಟು ಹೋಗಿದೆ. ತಪ್ಪು ನನ್ನದು, ಸಿಸ್ಟರ್‌ದಲ್ಲ. ಔಷಧದ ಬಲ ಇಳಿದ್ರೆ ಉಸಿರು ಬರಬಹುದು. ಒತ್ತೋದು ನಿಲ್ಲಿಸಬೇಡಿ ಅನ್ನಿ.”

ಅವಳು ಬಯ್ಯಲಿಲ್ಲ. ಫೋನ್ ಕೆಳಗಿಟ್ಟು ಕೂಗಿ ಹೇಳಿದ್ದು ನನಗೂ ಕೇಳಿಸಿತು. ಮೋಮೋ ಇನ್ನೊಂದು ಫೋನಿನಲ್ಲಿ ಡಾಕ್ಟರನ್ನು ಹಿಡಿದು ಅದನ್ನೇ ಖಚಿತಪಡಿಸಿಕೊಂಡರು, ಹೆಲಿಕಾಪ್ಟರ್ ಕೇಳಿದರು, ಉಳಿದ ಕ್ಲಿನಿಕ್ಕುಗಳಿಗೆ ಪರದೆ ಮುಟ್ಟಬೇಡಿ ಎಂದರು. ನಾನು ಮಾತ್ರ ಆ ಚೀಲದ ಪುಸ್ ಪುಸ್ ಸದ್ದು ಕೇಳುತ್ತ ಕೂತೆ. ಸಿಸ್ಟರ್ ಉಲಮಿಲಾ ಎರಡು ಗಂಟೆ ಒತ್ತಿದರು. ಕೈ ಸೋತಾಗ ನಿನ್ನಮ್ಮ ಒತ್ತಿದಳು. ಹನ್ನೆರಡರ ಹೊತ್ತಿಗೆ ಆ ಸದ್ದು ನಿಂತಿತು. ಆಗ ನನಗೇನಾಯಿತೆಂದು ಬರೆಯಲು ಬಾರದು. ಅರೆ ನಿಮಿಷ ಕಳೆದು, ಸಣ್ಣದೊಂದು ಕೆಮ್ಮು. ಆಮೇಲೆ ಅಳು. ನಿನ್ನ ಅಳು.

ಸಿಸ್ಟರ್ ಆಗಲೇ ತಪ್ಪು ತನ್ನದೆಂದು ಬರೆದುಕೊಡಲು ಹೊರಟಿದ್ದರಂತೆ. ವಿಚಾರಣೆಯಲ್ಲಿ ನಾನು ಎದ್ದು ನಿಂತು ಪ್ರೋಗ್ರಾಂನಲ್ಲಿ ನಾನು ಬರೆದ ಆ ಸಾಲನ್ನು ತೋರಿಸಿದೆ. ತಿಂಗಳು ಕಳೆದು, ಮೋಮೋ ಜೊತೆ, ಕ್ಷಮೆ ಕೇಳುವಾಗ ನಮ್ಮಲ್ಲಿ ಒಪ್ಪಿಸುವ ಕಾವಾ ಬೇರಿನ ಕಟ್ಟು ಹಿಡಿದು ನಿಮ್ಮ ಮನೆಗೆ ಬಂದು, ನಿನ್ನಜ್ಜನ ಮುಂದೆ ಮಂಡಿಯೂರಿ ಕ್ಷಮೆ ಕೇಳಿದೆ. ಅಜ್ಜ ಬಹಳ ಹೊತ್ತು ಕಟ್ಟನ್ನು ಮುಟ್ಟಲಿಲ್ಲ. ಕೊನೆಗೆ ಒಪ್ಪಿದ ಗುರುತಿಗೆ ಮೂರು ಸಲ ಕೈ ತಟ್ಟಿ ತೆಗೆದುಕೊಂಡು, “ಹೆದರಿಕೆ ಬಿಡಬೇಡ ಮಗಳೇ. ಹೆದರೋಳು ಇನ್ನೊಂದ್ಸಲ ನೋಡ್ತಾಳೆ,” ಎಂದರು.

ಆ ಹೆದರಿಕೆ ಬಿಟ್ಟಿಲ್ಲ, ಅಪಿಸಾಯ್. ಕ್ಷಮಿಸುವುದೂ ಬಿಡುವುದೂ ದೊಡ್ಡವನಾದ ನಿನಗೆ ಸೇರಿದ್ದು. ನಿನ್ನ ಉಸಿರು ನೂರು ವರ್ಷ ತಡೆಯಿಲ್ಲದೆ ಓಡಲಿ.

ನಿನಗೆ ಎಂದೂ ಋಣಿಯಾದ,
ವಾಸಿತಿ