ಲಾಡೋಳ ಕೊರಳಿನ ಕರಿದಾರ

ತಮ್ಮ ಸುಖವೀರನಿಗೆ ಅಕ್ಕ ರಿಸಾಲೋಳ ರಾಮ್ ರಾಮ್.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗಬೇಕು. ಬರೆಯುವುದಿಲ್ಲ. ಮೊನ್ನೆ ನಿನ್ನ ಫೋನಿಗೆ ಹೂಂ ಅಂದೆನಲ್ಲ, ಅದು ಒಪ್ಪಿಗೆಯಲ್ಲ. ಬಾಯಿ ಬಿಟ್ಟರೆ ಬೈಗುಳ ಬರುತ್ತಿತ್ತು, ಅದಕ್ಕೆ ಹೂಂ ಅಂದೆ. ರಾಖಿ ಹುಣ್ಣಿಮೆ ಕಳೆದ ಮೇಲೆ ಗಾಡಿ ತಂದು, ನಮ್ಮ ಎಮ್ಮೆ ಲಾಡೋಳ ಮಗಳು ಝುಮ್ಕಿಯ ಹೊಟ್ಟೆಯಿಂದ ಅಂಡ ತೆಗೆದುಕೊಂಡು ಹೋಗುತ್ತೇನೆ ಎಂದೆ. ಅದಕ್ಕೆ ಉತ್ತರ ಈ ಕಾಗದ. ಕೂತು ಓದು.

ಆರು ವರ್ಷದ ಹಿಂದೆ ನಮ್ಮ ಭೂರಿ ಎಮ್ಮೆಯ ಗರ್ಭಕ್ಕೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಭ್ರೂಣ ಇಟ್ಟವನು ನೀನು. "ಅಕ್ಕ, ಹಾಲಿನಲ್ಲಿ ಜಿಲ್ಲೆಗೇ ರಾಣಿಯಾದ ಎಮ್ಮೆಯ ಅಂಡ ಕಣೇ ಇದು. ನಿನ್ನ ಭೂರಿ ಹೊತ್ತು ಹೆತ್ತು ಕೊಟ್ರೆ ಸಾಕು" ಅಂದೆ. ಹೊತ್ತಳು. ಹೆರುವಾಗ ಒಂದು ದಿನವಿಡೀ ಒದ್ದಾಡಿದಳು. ನಾಲ್ಕು ಜನ ಹಗ್ಗ ಹಾಕಿ ಎಳೆದ ಮೇಲೆ ಹೊರಬಂದ ಹೆಣ್ಣುಗರುವಿನ ತೂಕ ನಲವತ್ತೊಂಬತ್ತು ಕಿಲೋ. ನಮ್ಮ ಕೊಟ್ಟಿಗೆಯಲ್ಲಿ ಮೂವತ್ತು ದಾಟಿದ ಕರುವನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅತ್ತೆ ಹಿತ್ತಾಳೆ ತಟ್ಟೆ ತಂದು ಓಣಿಗೆಲ್ಲ ಕೇಳುವಂತೆ ಬಡಿದರು. ಗಂಡು ಹುಟ್ಟಿದರೆ ಮಾತ್ರ ಬಡಿಯುವ ತಟ್ಟೆ ಅದು. ನಾನು ಎರಡು ಹೆಣ್ಣು ಹೆತ್ತಾಗ ಆ ತಟ್ಟೆ ಗೂಡಿನಿಂದ ಕೆಳಗಿಳಿದಿರಲಿಲ್ಲ. "ಹೆಣ್ಣು ಹುಟ್ಟೋದಾದ್ರೆ ಎಮ್ಮೆಗೆ ಹುಟ್ಟಬೇಕು ನೋಡು" ಎಂದು ಮುದುಕಿ ನಕ್ಕಿತು. ಹಲ್ಲು ಕಚ್ಚಿಕೊಂಡು ನಾನೂ ನಕ್ಕೆ, ಗಿಣ್ಣು ಕಾಯಿಸಿ ಮನೆಮನೆಗೆ ಹಂಚಿದೆ. ಲಾಡೋ ಎಂದು ಹೆಸರಿಟ್ಟೆ, ಮುದ್ದಿನ ಮಗಳು ಅಂತ. ತಟ್ಟೆ ಬಡಿಸಿಕೊಂಡ ಒಬ್ಬಳೇ ಮಗಳು ನನಗೆ.

ಮೂವತ್ತನೇ ದಿನ, ಅರವತ್ತನೇ ದಿನ ನೀನು ಟೇಪು ಹಿಡಿದು ಬಂದೆ. ತೊಂಬತ್ತನೇ ದಿನ ಅಳೆದು, ತೂಗಿ, ರಿಜಿಸ್ಟರಿನಲ್ಲಿ 'ಆರೋಗ್ಯವಾಗಿದೆ' ಎಂದು ಬರೆದು ಮುಚ್ಚಿದೆ. ಇನ್ನು ಯಾವಾಗ ಬರುತ್ತೀ ಎಂದರೆ, "ಇನ್ಯಾಕಕ್ಕ? ತೊಂಬತ್ತು ದಾಟಿದ್ರೆ ಕರು ಗೆದ್ದ ಹಾಗೆ. ಪುಸ್ತಕದಲ್ಲಿ ಮುಂದಕ್ಕೆ ಬರೆಯೋಕೆ ಮನೆಯೇ ಇಲ್ಲ" ಅಂದೆ. ನೀನು ಓದಿದ ಪಶುವೈದ್ಯ. ಗೆರೆ ಎಳೆದರೆ ಒಂದು ಮನೆ ಹೆಚ್ಚಾಗುತ್ತದೆ ಎಂದು ಹೇಳಲು ನಾನು ಯಾರು?

ದೃಷ್ಟಿಯಾಗದಿರಲಿ ಎಂದು ಅವಳ ಕೊರಳಿಗೆ ಕರಿ ಉಣ್ಣೆಯ ದಾರ ಹೊಸೆದು ಕಟ್ಟಿದ್ದೆ. ಬೆಳೆಯುವ ಮೈಗೆ ದಾರ ಬದಲಾಯಿಸುವುದು ಇದ್ದೇ ಇದೆ. ಆದರೆ ಝುಮ್ಕಿಯನ್ನು ಹೆತ್ತು, ಬೆಳವಣಿಗೆಯೆಲ್ಲ ನಿಂತ ಮೇಲೆ, ಐದನೇ ವರ್ಷದಲ್ಲಿ ಆ ದಾರ ಬಿಗಿಯತೊಡಗಿತು. ಒಂದು ತುಂಡು ಸೇರಿಸಿ ಗಂಟು ಹಾಕಿದೆ. ಎರಡು ತಿಂಗಳಿಗೆ ಮತ್ತೆ ಬಿಗಿಯಿತು, ಎರಡನೇ ಗಂಟು ಹಾಕಿದೆ. ನನಗೋ ಹಿಗ್ಗು! ಎದೆ ಮುಂದೆ ಹೇಗೆ ತುಂಬಿಕೊಂಡಿದೆ ನೋಡಿ ಎಂದು ಕೆರೆಯ ದಾರಿಯಲ್ಲಿ ನಿಲ್ಲಿಸಿ ತೋರಿಸುತ್ತಿದ್ದೆ. "ಏನು ಹಾಕ್ತೀಯೇ ರಿಸಾಲೋ? ನಮ್ಮನೆ ಒಣಕಲನಿಗೂ ಒಂದಿಷ್ಟು ಕೊಡೇ" ಎಂದು ಪಕ್ಕದ ಮನೆ ಭರ್ಪಾಯಿ ಗಂಡನ ಎದುರೇ ಅಂದಳು. ದಾರಿಯಲ್ಲಿ ಲಾಡೋ ನಿಂತು ನಿಂತು ಉಸಿರು ತೆಗೆದುಕೊಂಡರೆ ಕೊಬ್ಬಿದ ಮೈಯಲ್ಲವೇ ಎಂದುಕೊಂಡು, ಮನೆಗೆ ಬಂದು ಇನ್ನಷ್ಟು ಹತ್ತಿಕಾಳಿನ ಹಿಂಡಿ ಹಾಕಿದೆ. ನಿನಗೆ ಫೋನು ಮಾಡಿ, ದಾರ ಮತ್ತೆ ಬಿಗಿಯಾಯಿತು ಕಣೋ ಎಂದೆ. "ಚೆನ್ನಾಗಿ ತಿನ್ನಿಸ್ತಿದ್ದೀಯ ಬಿಡು" ಅಂದೆ ನೀನು.

ಹೋದ ವರ್ಷ ಶ್ರಾವಣದ ತೀಜ್ ಹಬ್ಬಕ್ಕೆ ತವರಿನ ತಿಂಡಿಗಂಟು ಹೊತ್ತು ಬಂದೆಯಲ್ಲ, ನೆನಪಿದೆಯೇ? ಮೊದಲು ಕೊಟ್ಟಿಗೆಗೆ ಹೋದೆ. ನಾನು ಲಸ್ಸಿಯ ಲೋಟ ಹಿಡಿದು ಬಾಗಿಲಲ್ಲಿದ್ದೆ. ನೀನು ಲಾಡೋಳ ಕುತ್ತಿಗೆಯ ನರದ ಮೇಲೆ ಬೆರಳಿಟ್ಟೆ. ಕೆಳಗೆ ಎದೆಯ ಬಳಿ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದರೂ ನಾದಿದ ಹಿಟ್ಟಿನಲ್ಲಿ ಉಳಿಯುವಂತೆ ಗುಳಿ ಉಳಿಯಿತು. ನೀನು ಅದನ್ನೇ ನೋಡುತ್ತ ಕೂತೆ. ಆಮೇಲೆ ಅಂಗೈಯಿಂದ ಉಜ್ಜಿ ಗುಳಿ ಮುಚ್ಚಿದೆ. "ಮೈ ತುಂಬಿಕೊಂಡಿದ್ದಾಳೆ ಅಕ್ಕ" ಎಂದು ಎದ್ದು ಬಂದು ಲಸ್ಸಿ ಕುಡಿದೆ. ಮೀಸೆಗೆ ಬೆಣ್ಣೆ ಹತ್ತಿತ್ತು, ನಾನೇ ಸೆರಗಿನಿಂದ ಒರೆಸಿದೆ. ಮೂರನೇ ಗಂಟು ಹಾಕಿದ್ದು ಅದರ ಮರುವಾರ.

ಈ ಜ್ಯೇಷ್ಠದಲ್ಲಿ ಲಾಡೋ ಕೆರೆಯಿಂದ ಏರಿ ಬರಲಾರದೆ ಏರಿಯ ಮೇಲೇ ಮಂಡಿಯೂರಿದಳು. ಮಿಕ್ಕ ಎಮ್ಮೆಗಳು ಅವಳನ್ನು ದಾಟಿ ಮನೆಗೆ ಹೋದವು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂಗಿನಲ್ಲಿ ನೊರೆ. ನಿನ್ನ ಭಾವ ಪಕ್ಕದೂರಿನ ಮುದಿ ಪಶುವೈದ್ಯ ಹುಕಂಸಿಂಗನನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆತ ಕೊಯ್ದು ಹೃದಯ ತೋರಿಸಿದ. ಎರಡು ಎಮ್ಮೆಗಾಗುವಷ್ಟಿತ್ತು, ಹರಿದ ಚೀಲದ ಹಾಗೆ ಜೋತುಬಿದ್ದಿತ್ತು. "ಇದು ಕೊಬ್ಬಲ್ಲ ತಾಯಿ, ನೀರು. ಒತ್ತಿದ ಗುಳಿ ಏಳದೇ ಉಳಿದ್ರೆ ಎದೆ ಸೋತಿದೆ ಅಂತಲೇ ಲೆಕ್ಕ. ಕಾಲೇಜಿಗೆ ಸೇರಿದ ಮೊದಲ ವರ್ಷದೋರಿಗೂ ಗೊತ್ತಿರೋ ಮಾತು" ಅಂದ. ನನ್ನ ತಮ್ಮ ಎಷ್ಟನೇ ವರ್ಷದಲ್ಲಿದ್ದಾನೆ ಎಂದು ಆತನನ್ನು ಕೇಳಲಿಲ್ಲ.

ನಿನ್ನನ್ನು ಕೇಳಿದ್ದಕ್ಕೆ ಏನಂದೆ? "ಒಂದು ಎಮ್ಮೆ ಸತ್ತಿದ್ದಕ್ಕೆ ಗಾಜಿನ ತಟ್ಟೇನ ಬೈಯೋಕಾಗುತ್ತಾ? ಮಾಮೂಲಿ ಎಮ್ಮೆ ಸಾಯಲ್ವಾ?" ನಿಜ, ಸಾಯುತ್ತದೆ. ಆದರೆ ಭಾವನ ಕಡೆಯ ಮದುವೆಯಲ್ಲಿ ನಿನ್ನ ಕರುಗಳನ್ನು ಪಡೆದ ಇನ್ನೂ ಮೂರು ಮನೆಯವರು ಸಿಕ್ಕರು. ಒಂದು ನಾಲ್ಕನೇ ವರ್ಷಕ್ಕೇ ಸತ್ತುಹೋಗಿದೆ. ಇನ್ನೊಂದರ ಎದೆ ಬಾತಿದೆ, ಅವರೂ ಹಿಗ್ಗಿನಿಂದ ಹಿಂಡಿ ಹಾಕುತ್ತಿದ್ದಾರೆ. ಮೂರನೆಯದು ಗಟ್ಟಿಯಾಗಿದೆ, ಇಲ್ಲ ಎನ್ನುವುದಿಲ್ಲ, ನಾನು ಸುಳ್ಳು ಬರೆಯುವವಳಲ್ಲ. ನಿನ್ನ ವಿದ್ಯೆ ತಪ್ಪೋ ಸರಿಯೋ ನನಗೆ ತಿಳಿಯದು. ನಿನಗೂ ತಿಳಿಯದು, ಯಾಕೆಂದರೆ ನೀನು ಕೇಳಲೇ ಇಲ್ಲ. ತೊಂಬತ್ತೊಂದನೇ ದಿನ ಬೆನ್ನು ತಿರುಗಿಸುವವನಿಗೆ ಎರಡನೇ ಎಮ್ಮೆ ಎಲ್ಲಿ ಕಾಣಬೇಕು? ಕಂಡ ಒಂದನ್ನೂ ಉಜ್ಜಿ ಮುಚ್ಚಿದೆಯಲ್ಲೋ! ಅಂದೇ ಹೇಳಿದ್ದರೆ ಹಿಂಡಿ ನಿಲ್ಲಿಸುತ್ತಿದ್ದೆ, ಕೆರೆಯ ಏರಿ ಹತ್ತಿಸುತ್ತಿರಲಿಲ್ಲ, ಇನ್ನೊಂದೆರಡು ಬೇಸಿಗೆ ನೆರಳಲ್ಲಿ ಕಟ್ಟಿ ಸಾಕುತ್ತಿದ್ದೆ.

ಎಂಟನೇ ತಿಂಗಳಿಗೇ ಹುಟ್ಟಿದ ನಿನ್ನನ್ನು ನೋಡಿ ಸೂಲಗಿತ್ತಿ, ಇದು ಉಳಿಯೋದಿಲ್ಲ ಎಂದಿದ್ದಳು. ಅವ್ವ ಹೋದ ಮೇಲೆ ಹನ್ನೊಂದು ವರ್ಷದ ನಾನು ಹತ್ತಿಯಲ್ಲಿ ಸುತ್ತಿ ಸೊಂಟಕ್ಕೇರಿಸಿಕೊಂಡೆ. ನಿನಗೆ ನಾಲ್ಕು ತುಂಬುವವರೆಗೂ ಎದೆಗೆ ಕಿವಿಯಿಟ್ಟೇ ಮಲಗುತ್ತಿದ್ದೆ. ನಾನೂ ತೊಂಬತ್ತನೇ ದಿನಕ್ಕೆ ಪುಸ್ತಕ ಮುಚ್ಚಿದ್ದರೆ?

ಝುಮ್ಕಿಯನ್ನು ಕೊಡುವುದಿಲ್ಲ. ಅವಳು ಊರ ಕೋಣಕ್ಕೆ ಹುಟ್ಟಿದವಳು, ದಾರದೊಳಗೆ ಇನ್ನೂ ಎರಡು ಬೆರಳು ಆಡುತ್ತವೆ. ತಾಯಿಯ ಎದೆ ಮಗಳಿಗೂ ಬಂದಿದೆಯೋ ಏನೋ ಎಂದು ದಿನಾ ಬೆಳಿಗ್ಗೆ ಹೆಬ್ಬೆರಳು ಒತ್ತಿ ನೋಡುತ್ತೇನೆ, ಭಯಪಡುತ್ತಲೇ. ಸೂಜಿಯ ಗಾಡಿ ತಂದರೆ ಬಾಗಿಲಲ್ಲೇ ತಡೆಯುತ್ತೇನೆ. ಎದೆಬಡಿತ ಕೇಳುವ ಕೊಳವೆಯೊಂದನ್ನೇ ತಂದರೆ ಒಳಗೆ ಬಾ.

ಪ್ರತಿ ವರ್ಷ ಈ ಹೊತ್ತಿಗೆ ಲಕೋಟೆಯಲ್ಲಿ ನಿನಗೆ ರಾಖಿ ಬರುತ್ತಿತ್ತು. ಈ ಸಲವೂ ದಾರವೇ ಇದೆ, ಕರಿಯದು. ಅವಳ ಕೊರಳಿನದು, ಮೂರು ಗಂಟಿನದು. ಕೈಗೆ ಕಟ್ಟಿಕೊಳ್ಳಬೇಡ. ಟೇಪು ತೆಗೆದು ಗಂಟಿನಿಂದ ಗಂಟಿಗೆ ಅಳೆದು ಬರೆದುಕೋ. ಮನೆ ಇಲ್ಲದಿದ್ದರೆ ಗೆರೆ ಎಳೆ.

ನೂರು ವರ್ಷ ಬಾಳು ತಮ್ಮಾ. ತೊಂಬತ್ತೊಂದನೇ ದಿನವೂ ನಿನ್ನನ್ನು ಕೇಳುವವರಿರಲಿ.

ನಿನ್ನನ್ನು ಎತ್ತಿ ಆಡಿಸಿದ,
ರಿಸಾಲೋ